ನಂದಿಗಿರಿಯ ದಂಪತಿಯಾತ್ರೆ

ಬೆಂಗಳೂರಿನ ಉತ್ತರಭಾಗದಲ್ಲಿ ನೆಲೆಸಿದ ಗೃಹಸ್ಥರಿಗೆ ಭಾನುವಾರವೆಂದರೆ ನಂದಿಬೆಟ್ಟವೆಂಬುದು ಈಗ ರೂಢಿಯಾಗಿಹೋಗಿದೆ. ಕೋಳಿ ಕೂಗುವ ಮೊದಲೇ ಎದ್ದು, ಬುತ್ತಿಯನ್ನೂ ಕಾಫಿಯ ಫ್ಲಾಸ್ಕನ್ನೂ ಚೀಲಕ್ಕೆ ಸೇರಿಸಿಕೊಂಡು, ಸೂರ್ಯೋದಯಕ್ಕೆ ಮುನ್ನ ಶಿಖರವನ್ನು ಮುಟ್ಟಬೇಕೆಂದು ಮೋಟಾರುಬೈಕನ್ನೇರಿ ಹೊರಡುವ ಎಳೆಯ ದಂಪತಿಗಳನ್ನು ಕಂಡು, ಇದು ನಗರಜೀವನದ ಹೊಸ ಷೋಕಿಯೆಂದು ಹಿರಿಯರು ಆಕ್ಷೇಪಿಸುವುದುಂಟು. ನಾನು ಆ ಮಾತನ್ನು ಒಪ್ಪಲಾರೆ. ಸರಕಾರಿ ಕಚೇರಿಗಳು ಭಾನುವಾರದ ವಿರಾಮವನ್ನು ನಮಗೆ ಕಲಿಸುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ, ಈ ಗಿರಿಯ ಪಾದದಲ್ಲಿ ದಾಂಪತ್ಯಕ್ಕೆಂದೇ ಕಲ್ಲಿನಲ್ಲಿ ಕಡೆದ ಒಂದು ಮಂಟಪವು ಸಿದ್ಧವಾಗಿತ್ತು.

ಆ ಮಂಟಪವಿರುವುದು ನಂದಿಗ್ರಾಮದ ಭೋಗನಂದೀಶ್ವರ ದೇವಾಲಯದಲ್ಲಿ. ಇಲ್ಲಿ ಶಿವಾಲಯವಿದ್ದುದಕ್ಕೆ ಕ್ರಿ.ಶ. 806ರ ಸುಮಾರಿನ, ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಗೋವಿಂದನ ಕಾಲದ ಶಾಸನಾಧಾರವಿದೆ. ಅನಂತರ ಬಾಣರು, ಚೋಳರು, ಹೊಯ್ಸಳರು, ವಿಜಯನಗರದ ಅರಸರು ಒಬ್ಬರ ಕೆಲಸಕ್ಕೆ ಒಬ್ಬರು ಕೈಗೂಡಿಸುತ್ತ ಬಂದರು. ಅರುಣಾಚಲೇಶ್ವರ, ಭೋಗನಂದೀಶ್ವರ ಎಂಬ ಎರಡು ದೊಡ್ಡ ಗುಡಿಗಳ ನಡುವೆ, ಎರಡಕ್ಕೂ ಕಿರಿದಾಗಿ, ಉಮಾಮಹೇಶ್ವರನ ಸನ್ನಿಧಿಯಿದೆ. ಅದರ ಮುಂದಿನ ಕಲ್ಯಾಣಮಂಟಪದ ಕರಿಗಲ್ಲಿನ ನಾಲ್ಕು ಕಂಬಗಳಲ್ಲಿ ಶಿವಪಾರ್ವತಿಯರು, ಲಕ್ಷ್ಮೀನಾರಾಯಣರು, ಬ್ರಹ್ಮಸರಸ್ವತಿಯರು, ಇವರೊಡನೆ ಅಗ್ನಿಯೂ ಅವನ ಪತ್ನಿಯಾದ ಸ್ವಾಹಾದೇವಿಯೂ ಜೋಡಿಜೋಡಿಯಾಗಿ ನಿಂತಿದ್ದಾರೆ. ಮದುವೆಯ ಮಂಟಪಕ್ಕೆ ಅಗ್ನಿದಂಪತಿಗಳನ್ನು ಕರೆತಂದ ಆ ಶಿಲ್ಪಿಯ ಔಚಿತ್ಯಜ್ಞಾನವನ್ನು ನಾನು ಬಹಳವಾಗಿ ಮೆಚ್ಚುತ್ತೇನೆ. ಸಪ್ತಪದಿಗೆ ಸಾಕ್ಷಿಯಾಗುವವನು ತಾನೂ ಸಂಸಾರಿಯೇ ಆಗಿದ್ದಾನೆಂಬುದನ್ನು ಅವನು ಮರೆಯಲಿಲ್ಲ. ಸುತ್ತಲೂ ಬಳ್ಳಿಗಳು, ಬಳ್ಳಿಗಳ ನಡುವೆ ಹಕ್ಕಿಗಳು.

ಸ್ಥಳಪುರಾಣವು ಇಲ್ಲಿನ ಈಶ್ವರನ ಬಾಳನ್ನು ಮೂರಾಗಿ ವಿಭಾಗಿಸುತ್ತದೆ. ಅರುಣಾಚಲೇಶ್ವರನು ಬಾಲ್ಯ, ಭೋಗನಂದೀಶ್ವರನು ಯೌವನ, ಬೆಟ್ಟದ ನೆತ್ತಿಯ ಮೇಲಿರುವ ಯೋಗನಂದೀಶ್ವರನು ವೈರಾಗ್ಯ. ಆದಕಾರಣ ಉತ್ಸವವೂ ಸಂಭ್ರಮವೂ ಕೆಳಗಿನ ಗುಡಿಗೇ ಸಲ್ಲುತ್ತವೆ. ಮೇಲಿನವನಿಗೆ ಅವು ಇಲ್ಲ. ಮಹಾಶಿವರಾತ್ರಿಯ ಜಾತ್ರೆಗೆ ಗಾಡಿ ಕಟ್ಟಿಕೊಂಡು ಬಂದು, ಶೃಂಗಿತೀರ್ಥವೆಂಬ ಮೆಟ್ಟಿಲುಗೊಳದ ದರ್ಶನ ಮಾಡಿ, ಕೆಳಗಿನ ದೇವರಿಗೆ ಹಣ್ಣುಕಾಯಿ ಮಾಡಿಸಿ, ಮೈಯಲ್ಲಿ ಕಸುವಿದ್ದರೆ ಮೇಲಕ್ಕೂ ಹತ್ತಿದ ಗಂಡಹೆಂಡಿರಿಗೆ, ತಾವು ಒಂದೇ ಹಗಲಿನಲ್ಲಿ ಗೃಹಸ್ಥಾಶ್ರಮದಿಂದ ಅದರಾಚೆಯ ಆಶ್ರಮದ ಬಾಗಿಲವರೆಗೆ ನಡೆದುಬಂದೆವೆಂಬ ಅರಿವು ಇದ್ದೇ ಇದ್ದಿರಬೇಕು.

ಸಮುದ್ರಮಟ್ಟದಿಂದ 1,478 ಮೀಟರು ಎತ್ತರದ ಈ ಬಂಡೆಯನ್ನು ರಾಜರು ಕಂಡ ಬಗೆಯೇ ಬೇರೆ. ಚಿಕ್ಕಬಳ್ಳಾಪುರದ ಪಾಳೆಯಗಾರರ ಕೋಟೆಯನ್ನು ಹೈದರನೂ ಟಿಪ್ಪುವೂ ಬಲಪಡಿಸಿದರು. ಕಾರ್ನ್‌ವಾಲಿಸನ ಸೇನೆ ವಾರಗಟ್ಟಲೆ ಮುತ್ತಿಗೆ ಹಾಕಿ, 1791ನೆಯ ಅಕ್ಟೋಬರ್ 19ರಂದು ಅದನ್ನು ಹಿಡಿಯಿತು. ಯುದ್ಧದ ಹೊಗೆ ಆರಿದ ಮೇಲೆ ದುರ್ಗವು ವಿಶ್ರಾಂತಿಧಾಮವಾಯಿತು. 1834ರಿಂದ 1861ರವರೆಗೆ ಮೈಸೂರಿನ ಆಡಳಿತವನ್ನು ನಡೆಸಿದ ಕಮಿಷನರ್ ಮಾರ್ಕ್ ಕಬ್ಬನ್ನನು ಇಲ್ಲಿ ಬೇಸಗೆಯ ಬಂಗಲೆಯನ್ನು ಕಟ್ಟಿಸಿಕೊಂಡನು. 1927ರಲ್ಲಿ, ಅವಿಶ್ರಾಂತ ಪ್ರವಾಸದಿಂದ ದೇಹ ಕುಸಿದಿದ್ದ ಗಾಂಧೀಜಿಯವರು ಏಪ್ರಿಲಿನಿಂದ ಜೂನಿನ ಆದಿಯವರೆಗೆ ಇದೇ ಗಿರಿಯ ತಂಪಿನಲ್ಲಿ ಚೇತರಿಸಿಕೊಂಡರು. 1936ರಲ್ಲಿಯೂ ಇಲ್ಲಿಗೆ ಬಂದರು. ಬೆಟ್ಟಕ್ಕೆ ಹೋಗುವುದು ಆರೋಗ್ಯಕ್ಕೆ ಹಿತವೆಂಬ ಭಾವನೆ, ಹರಕೆಯ ಜೊತೆಗೆ ಹವೆಯೂ ಯಾತ್ರೆಗೆ ಕಾರಣವಾಗಬಹುದೆಂಬ ಭಾವನೆ, ನಮ್ಮ ಮಧ್ಯಮವರ್ಗದ ಮನೆಗಳಿಗೆ ಬಂದುದು ಈ ದಾರಿಯಿಂದಲೇ ಎಂದು ನನ್ನ ಎಣಿಕೆ.

ಇಂದಿನ ವಾರಾಂತ್ಯದ ವಿಹಾರವು ಹೀಗೆ ಜಾತ್ರೆಗೂ ಬಂಗಲೆಗೂ ಏಕಕಾಲಕ್ಕೆ ವಾರಸುದಾರ. ಆದರೆ ಅದು ನಷ್ಟಮಾಡಿಕೊಂಡುದೂ ಒಂದುಂಟು. ಕಳೆದ ಶತಮಾನದ ಎರಡನೆಯ ದಶಕದಲ್ಲಿ ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಸಣ್ಣ ರೈಲು ಬಂದಾಗ, ಯಾತ್ರಿಕರು ಇಳಿಯುತ್ತಿದ್ದ ನಂದಿ ಹಾಲ್ಟ್ ಬೆಟ್ಟದ ಬುಡದ ಸೀಮೆಯಲ್ಲಿಯೇ ಇತ್ತು. ಅಲ್ಲಿ ಇಳಿದವರು ಮೇಲೇರಬೇಕಾದರೆ ಮೊದಲು ಕೆಳಗಿನ ನಾಡನ್ನು ಹಾದೇ ಹೋಗಬೇಕಾಗಿತ್ತು. ಮೋಟಾರುದಾರಿಯಾದರೋ ಮತ್ತೊಂದು ಮಗ್ಗುಲಿನಿಂದ ತಿರುವುತಿರುವಾಗಿ ನೇರ ಶಿಖರಕ್ಕೇ ಒಯ್ಯುತ್ತದೆ. ವೈರಾಗ್ಯದ ಗುಡಿಯನ್ನು ಮೊದಲು ನೋಡಿ, ಮಂಜಿನಲ್ಲಿ ಚಿತ್ರ ತೆಗೆದುಕೊಂಡು, ಕಲ್ಯಾಣಮಂಟಪವನ್ನು ಕಾಣದೆಯೇ ಮರಳುವ ನವವಿವಾಹಿತರು ಎಷ್ಟೋ ಮಂದಿ.

ನಾನೂ ನನ್ನ ಸಹಧರ್ಮಿಣಿಯೂ ಹೋಗುವಾಗ ಹಳೆಯ ಕ್ರಮವನ್ನೇ ಅನುಸರಿಸುತ್ತೇವೆ. ಭೋಗನಂದಿಯಲ್ಲಿ ಒಂದು ಗಳಿಗೆ ಕುಳಿತು, ಸಮೀಪದ ಸುಲ್ತಾನಪೇಟೆಯಿಂದ ಮೇಲೇರುವ ಕಲ್ಲುಮೆಟ್ಟಿಲುಗಳನ್ನು ಹಿಡಿಯುತ್ತೇವೆ. ಸಾವಿರಕ್ಕೂ ಮಿಕ್ಕ ಮೆಟ್ಟಿಲುಗಳಾದುದರಿಂದ ನಡುನಡುವೆ ನಿಲ್ಲಲೇಬೇಕು. ನಿಂತಾಗಲೆಲ್ಲ “ಅವಸರ ಏನಿದೆ ಅಂತೀನಿ, ನಿಧಾನಕ್ಕೆ ಹತ್ತೋಣ ಬನ್ನಿ” ಎನ್ನುವವಳು ಅವಳೇ. ಬೇಸಗೆಯಲ್ಲಾದರೆ ಬಿಸಿಲೇರುವ ಮೊದಲೇ ಹತ್ತಿ ಮುಗಿಸಬೇಕು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲುಗಳ ಮೇಲೆ ಎಚ್ಚರವಿರಬೇಕು. ಕುಡಿಯುವ ನೀರನ್ನು ಕೆಳಗಿನಿಂದಲೇ ಹೊತ್ತುಕೊಂಡು ಹೋಗುವುದು ಒಳ್ಳೆಯದು.