ಅಕ್ಷರ ಹತ್ತದ ಮಕ್ಕಳು

ಪರ್ಸಿ ಎಂಬ ಹುಡುಗನೊಬ್ಬ ತನ್ನ ಹೆಸರನ್ನು ಬರೆಯುವಾಗ ಅಕ್ಷರಗಳನ್ನು ಹಿಂದುಮುಂದು ಮಾಡಿ ‘ಪ್ರೆಸಿ’ ಎಂದು ಬರೆದ. ತಪ್ಪಾಗಿದೆ ನೋಡು ಎಂದು ಒಂದಕ್ಕೆ ಎರಡು ಸಲ ಹೇಳಿದ ಮೇಲೆಯೇ ಅದು ಅವನ ಗಮನಕ್ಕೆ ಬಂದುದು. ಆಗ ಅವನಿಗೆ 14 ವರ್ಷ. ಏಳನೆಯ ವಯಸ್ಸಿನಿಂದಲೂ ಅವನಿಗೆ ಪಾಠ ಹೇಳುವವರಿಗೇನೂ ಕೊರತೆಯಿರಲಿಲ್ಲ. ತಂದೆತಾಯಿಗಳು ತಿಳಿವಳಿಕಸ್ಥರು. ಹುಡುಗ ಚುರುಕು, ಆಟದಲ್ಲಿ ಮುಂದು, ಕಣ್ಣಿನಲ್ಲಿ ದೋಷವಿಲ್ಲ. 749ನ್ನು 867ರಿಂದ ಗುಣಿಸು ಎಂದರೆ ಬೇಗನೆ, ತಪ್ಪಿಲ್ಲದೆ ಗುಣಿಸಿಬಿಟ್ಟ. ಆದರೆ ಎಳೆಯ ಮಕ್ಕಳ ಪುಸ್ತಕವೊಂದನ್ನು ಮುಂದಿಟ್ಟರೆ, ನಿತ್ಯ ಕಣ್ಣಿಗೆ ಬೀಳುವ ಒಂದೆರಡು ಪುಟ್ಟ ಪದಗಳ ಹೊರತು ಮತ್ತೊಂದನ್ನು ಓದಲಾರ. ಇಂಗ್ಲೆಂಡಿನ ಕಡಲತಡಿಯ ಸೀಫರ್ಡ್ ಎಂಬ ಊರಿನಲ್ಲಿ ವೈದ್ಯರಾಗಿದ್ದ ಪ್ರಿಂಗಲ್ ಮಾರ್ಗನ್ ಎಂಬವರು ಇವನ ವೃತ್ತಾಂತವನ್ನು 1896ರ ನವೆಂಬರ್ 7ರ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟಿಸಿದರು. ಬರಹ ಬಹು ಚಿಕ್ಕದು. ಅದರಲ್ಲಿ ಹುಡುಗನ ಮೇಷ್ಟರ ಅಭಿಪ್ರಾಯವೂ ಒಂದು ಉಂಟು: ಪಾಠವೆಲ್ಲ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಗೆಲ್ಲ ಈತನೇ ಜಾಣನೆನಿಸಿಕೊಳ್ಳುತ್ತಿದ್ದ, ಎಂದು.

ವಾಚಕರೇ, ಆ ಮೇಷ್ಟರು ಯಾರೋ ನನಗೆ ತಿಳಿಯದು. ಆದರೆ ಅವರ ಮಾತನ್ನು ಓದಿದಾಗ ನಾನು ಪುಸ್ತಕವನ್ನು ಮಡಿಸಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಕಾರಣವನ್ನು ಹೇಳಿಬಿಡುತ್ತೇನೆ. 1998ರಲ್ಲಿ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ನಾನು ಪದ್ಯವನ್ನು ಎರಡು ಸಲ ರಾಗವಾಗಿ ಓದಿದರೆ ಮೂರನೆಯ ಸಲ ಅವನು ನೋಡದೆ ಹೇಳುವನು. ಅರ್ಥ ಕೇಳಿದರೆ ಎಲ್ಲರಿಗಿಂತ ಮೊದಲು ಕೈಯೆತ್ತುವನು. ಅದೇ ಪದ್ಯವನ್ನು ಪುಸ್ತಕ ಹಿಡಿದು ಓದು ಎಂದರೆ ಬೆವೆತುಬಿಡುವನು. ಉಕ್ತಲೇಖನದಲ್ಲಿ ‘ವಿದ್ಯಾರ್ಥಿ’ ಎಂಬುದು ‘ವಿದಾತಿ’ಯಾಗುತ್ತಿತ್ತು. ಬಾಯಿಪಾಠ ಮಾಡಿ ಮೋಸಗೊಳಿಸುತ್ತಾನೆಂದು ನಾನು ತಿಳಿದೆ. ತರಗತಿಯ ಮುಂದೆ ನಿಲ್ಲಿಸಿ ಓದಿಸಿದೆ. ಇತರ ಹುಡುಗರು ನಕ್ಕರು, ನಾನು ತಡೆಯಲಿಲ್ಲ. ಪ್ರಗತಿಪತ್ರದಲ್ಲಿ ಕೆಂಪು ಮಸಿಯಿಂದ ‘ಬುದ್ಧಿಯಿದೆ, ಶ್ರದ್ಧೆಯಿಲ್ಲ’ ಎಂದು ಬರೆದೆ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಗಣಿತದಲ್ಲಿ ಹೇಗೋ ಪಾರಾದವನು ಕನ್ನಡದಲ್ಲಿ ಉರುಳಿದ. ಕನ್ನಡ ಕಲಿಸಿದವನು ನಾನು. ಸೀಫರ್ಡಿನ ಮೇಷ್ಟರು ನೂರು ವರ್ಷಗಳ ಹಿಂದೆಯೇ ಕಂಡುದು ನನಗೆ ಕಾಣಿಸಲಿಲ್ಲ. ಇದು ಕಂಡದ್ದು ಹೇಗೆ, ಯಾರಿಗೆ, ಎಷ್ಟು ನಿಧಾನವಾಗಿ ಎಂಬುದನ್ನು ಈಗ ನಿಮಗೆ ಹೇಳಬೇಕೆಂದಿದ್ದೇನೆ.

ಮೊದಲು ಇದನ್ನು ಕಂಡವರು ಮಕ್ಕಳಲ್ಲಿ ಕಾಣಲಿಲ್ಲ, ದೊಡ್ಡವರಲ್ಲಿ. ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮಾಲ್ ಎಂಬವರು 1877ರಲ್ಲಿ, ಮಿದುಳಿಗೆ ಪೆಟ್ಟಾಗಿ ಓದುವ ಶಕ್ತಿಯೊಂದನ್ನೇ ಕಳೆದುಕೊಂಡವರ ಸ್ಥಿತಿಗೆ ಒಂದು ಹೆಸರಿಟ್ಟರು. ಅದನ್ನು ಕನ್ನಡಿಸುವಾಗ ‘ಪದಗುರುಡು’ ಎಂದರೆ ಅರಿಸಮಾಸವಾದೀತು, ‘ಪದಾಂಧತೆ’ ಎನ್ನೋಣ. ಕಣ್ಣು ಕಾಣುತ್ತದೆ, ಮಾತು ಬರುತ್ತದೆ, ಬುದ್ಧಿ ನೆಟ್ಟಗಿದೆ. ಅಚ್ಚಿನ ಪದ ಮಾತ್ರ ಪದವಾಗಿ ಕಾಣದು. 1887ರಲ್ಲಿ ಸ್ಟುಟ್‌ಗಾರ್ಟಿನ ಕಣ್ಣಿನ ವೈದ್ಯ ರೂಡಾಲ್ಫ್ ಬರ್ಲಿನ್ ತಮ್ಮ ಪುಸ್ತಕದಲ್ಲಿ ಇದಕ್ಕೆ ‘ಡಿಸ್ಲೆಕ್ಸಿಯಾ’ ಎಂಬ ಹೆಸರನ್ನು ಬಳಸಿದರು. ಗ್ರೀಕಿನ ಆ ‘ಡಿಸ್’ ಎಂಬುದೂ ನಮ್ಮ ದುಸ್ಸಾಧ್ಯ, ದುಷ್ಕರಗಳಲ್ಲಿರುವ ‘ದುಸ್’ ಎಂಬ ಉಪಸರ್ಗವೂ ಒಡಹುಟ್ಟಿದವು. ‘ಲೆಕ್ಸಿಸ್’ ಎಂದರೆ ಪದ. ಅಲ್ಲಿಗೆ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೆಸರಿನಲ್ಲಿ ‘ಕಷ್ಟ’ ಎಂಬುದಷ್ಟೇ ಇದೆ, ‘ಅಸಾಧ್ಯ’ ಎಂಬುದಿಲ್ಲ ಎಂಬುದನ್ನು ದಯವಿಟ್ಟು ಗಮನಿಸಿರಿ.

1895ರಲ್ಲಿ ಗ್ಲಾಸ್ಗೊ ನಗರದ ಕಣ್ಣಿನ ವೈದ್ಯ ಜೇಮ್ಸ್ ಹಿನ್ಷೆಲ್‌ವುಡ್ ಎಂಬವರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪದಾಂಧತೆಯನ್ನು ಕುರಿತು ಬರೆದರು. ಅದನ್ನು ಓದಿದ ಮೇಲೆಯೇ ಮಾರ್ಗನ್ನರಿಗೆ ಪರ್ಸಿಯ ವಿಷಯ ಹೊಳೆದುದು: ದೊಡ್ಡವರು ಪೆಟ್ಟುಬಿದ್ದು ಕಳೆದುಕೊಳ್ಳುವುದನ್ನು ಈ ಹುಡುಗ ಹುಟ್ಟಿನಿಂದಲೇ ಪಡೆದಿಲ್ಲವೇನೋ ಎಂದು. ಆ ಬಳಿಕ ಹಿನ್ಷೆಲ್‌ವುಡ್ಡರು ಇಂಥ ಮಕ್ಕಳನ್ನೇ ಹುಡುಕತೊಡಗಿದರು. 1907ರಲ್ಲಿ ಒಂದೇ ಮನೆಯ ನಾಲ್ವರು ಮಕ್ಕಳ ಸಂಗತಿಯನ್ನು ಪ್ರಕಟಿಸಿದರು. ಇದು ಮನೆತನದಲ್ಲಿ ಹರಿದುಬರುವುದೆಂಬ ಸುಳಿವು ಹೀಗೆ ಸಿಕ್ಕಿತು. 1917ರಲ್ಲಿ ಅವರು ಒಂದು ಪುಸ್ತಕವನ್ನೇ ಬರೆದು, ಇಂಥ ಮಗುವಿಗೆ ಬೇರೆಯಾಗಿ, ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕಲಿಸಬೇಕೆಂದು ಹೇಳಿದರು.

ಮೊದಲಲ್ಲಿ ಕಣ್ಣಿನ ವೈದ್ಯರೇ ಏಕೆ ಇದನ್ನು ಕಂಡರು? ಓದಲು ಬಾರದ ಮಗುವನ್ನು ತಾಯಿತಂದೆಗಳು ಕರೆದೊಯ್ಯುವುದು ಕಣ್ಣಿನ ವೈದ್ಯರ ಬಳಿಗೇ ಅಲ್ಲವೆ? ಇಂದಿಗೂ ಹಾಗೆಯೇ. ಕಣ್ಣು, ಕಿವಿ ಎರಡನ್ನೂ ಪರೀಕ್ಷಿಸಿಕೊಳ್ಳುವುದು ಸರಿಯೆ. ಆದರೆ ದೋಷ ಕಣ್ಣಿನಲ್ಲಿದೆಯೆಂಬ ಆ ಮೊದಲ ಊಹೆ ಮುಂದಿನ ಮುಕ್ಕಾಲು ಶತಮಾನ ವಿದ್ವಾಂಸರನ್ನು ಬಿಡಲಿಲ್ಲ.

ಅಮೆರಿಕದ ಅಯೋವಾ ಪ್ರಾಂತದಲ್ಲಿ ಸ್ಯಾಮ್ಯುಅಲ್ ಆರ್ಟನ್ ಎಂಬ ನರವೈದ್ಯರು ಊರಿಂದೂರಿಗೆ ಶಿಬಿರ ಕಟ್ಟಿಕೊಂಡು ಮಕ್ಕಳನ್ನು ಪರೀಕ್ಷಿಸಿದರು. ಅಲ್ಲಿಗೆ ಬಂದ 16 ವರ್ಷದ ಹುಡುಗನೊಬ್ಬ ಬುದ್ಧಿಪರೀಕ್ಷೆಯ ಅಂಕಗಳ ಪ್ರಕಾರ ಮಂದಮತಿ. ಮಾತನಾಡಿಸಿ ನೋಡಿದರೆ ಮಂದಮತಿಯಲ್ಲ. ಅಂಕಕ್ಕಿಂತ ಹುಡುಗನನ್ನು ನಂಬಿದ್ದು ಆರ್ಟನ್ನರ ದೊಡ್ಡತನ. 1925ರಲ್ಲಿ ಅವರು ಪ್ರಕಟಿಸಿದ ಲೇಖನದಿಂದ, ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದೇ ಈ ತೊಡಕಿನ ಗುರುತು ಎಂಬ ನಂಬಿಕೆ ಹರಡಿತು. ಮಿದುಳಿನ ಎರಡು ಹೋಳುಗಳ ಹೊಯ್ದಾಟ ಇದಕ್ಕೆ ಕಾರಣವೆಂದ ಅವರ ಸಿದ್ಧಾಂತ ನಿಲ್ಲಲಿಲ್ಲ. ಆದರೆ ಅವರ ಒಡನಾಡಿ ಆನಾ ಗಿಲ್ಲಿಂಗ್‌ಹ್ಯಾಮ್ ಎಂಬ ಉಪಾಧ್ಯಾಯಿನಿ, ಬೆಸ್ಸಿ ಸ್ಟಿಲ್‌ಮನ್ ಎಂಬವರೊಡನೆ 1930ರ ದಶಕದಲ್ಲಿ ರೂಪಿಸಿದ ಪಾಠಕ್ರಮ ನಿಂತಿತು. ಅಕ್ಷರವನ್ನು ನೋಡುವುದು, ಅದರ ಉಚ್ಚಾರವನ್ನು ಕೇಳಿ ಹೇಳುವುದು, ಕೈಯಿಂದ ತಿದ್ದುವುದು, ಈ ಮೂರೂ ಏಕಕಾಲಕ್ಕೆ. ನಮ್ಮ ಹಿಂದಿನ ಐಗಳ ಮಠದಲ್ಲಿ ಮರಳಿನ ಮೇಲೆ ಬೆರಳಿನಿಂದ ತಿದ್ದಿಸುತ್ತ ಗಟ್ಟಿಯಾಗಿ ಹೇಳಿಸುತ್ತಿದ್ದುದು ನೆನಪಾಗುವುದಿಲ್ಲವೆ? ಐಗಳು ಇದನ್ನು ಈ ಮಕ್ಕಳಿಗೆಂದು ಮಾಡಿದವರಲ್ಲ, ಜೊತೆಗೆ ನಾಗರಬೆತ್ತವೂ ಇತ್ತು; ಆದ್ದರಿಂದ ಹೆಚ್ಚು ಹಿಗ್ಗುವುದು ಬೇಡ.

ಕಣ್ಣಿನಿಂದ ಕಿವಿಯ ಕಡೆಗೆ ವಿದ್ವಾಂಸರ ಗಮನ ತಿರುಗಿದ್ದು 1970ರ ದಶಕದಲ್ಲಿ. ಅಮೆರಿಕದ ಇಸಬೆಲ್ ಲಿಬರ್‌ಮನ್ ಮತ್ತು ಸಂಗಡಿಗರು 1974ರಲ್ಲಿ ಒಂದು ಸರಳ ಪ್ರಯೋಗವನ್ನು ಪ್ರಕಟಿಸಿದರು. ಮಕ್ಕಳ ಕೈಗೆ ಒಂದು ಕೋಲು ಕೊಟ್ಟು, ಪದದಲ್ಲಿ ಎಷ್ಟು ತುಂಡುಗಳಿವೆಯೋ ಅಷ್ಟು ಸಲ ಕುಟ್ಟಿ ತೋರಿಸಿರೆಂದರು. ನಾಲ್ಕು ವರ್ಷದವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಕ್ಕಳು ಉಚ್ಚಾರದ ದೊಡ್ಡ ತುಂಡುಗಳನ್ನು ಎಣಿಸಿದರು; ಅದಕ್ಕೂ ಚಿಕ್ಕದಾದ, ವರ್ಣವೆಂದು ವ್ಯಾಕರಣದಲ್ಲಿ ನಾವು ಕರೆಯುವ ತುಂಡುಗಳನ್ನು ಒಬ್ಬರೂ ಎಣಿಸಲಿಲ್ಲ. ಆರು ವರ್ಷದವರಲ್ಲಿ ನೂರಕ್ಕೆ 70 ಮಂದಿ ಅದನ್ನೂ ಎಣಿಸಿದರು. ಆಡುವ ಮಾತನ್ನು ಒಳಗಿವಿಯಲ್ಲಿ ಬಿಡಿಸಿಕೊಳ್ಳುವ ಈ ಶಕ್ತಿಯೇ ಓದಿನ ತಳಹದಿಯೆಂಬುದೂ, ಡಿಸ್ಲೆಕ್ಸಿಯಾ ಇರುವ ಹೆಚ್ಚಿನ ಮಕ್ಕಳಲ್ಲಿ ಸಡಿಲವಾಗಿರುವುದು ಇದೇ ಎಂಬುದೂ ಕ್ರಮೇಣ ಸ್ಥಿರಪಟ್ಟಿತು.

ಇಷ್ಟಾದ ಮೇಲೆ ಇನ್ನೊಂದು ಪ್ರಶ್ನೆ ಏಳಲೇಬೇಕು. ದೋಷವು ಮಾತಿಗೆ ಸೇರಿದ್ದಾದರೆ, ಮಗು ಪುಸ್ತಕ ಹಿಡಿಯುವ ಮೊದಲೇ ಅದು ಕಾಣಬೇಡವೆ? ಆಕ್ಸ್‌ಫರ್ಡಿನ ಲಿನೆಟ್ ಬ್ರ್ಯಾಡ್ಲಿ ಮತ್ತು ಪೀಟರ್ ಬ್ರಯಂಟ್ ಎಂಬವರು ನಾಲ್ಕೈದು ವರ್ಷದ ಸುಮಾರು 400 ಮಕ್ಕಳನ್ನು ಆರಿಸಿಕೊಂಡು, ಪ್ರಾಸ ಕೂಡುವ ಪದಗಳ ನಡುವೆ ಕೂಡದ ಪದ ಯಾವುದೆಂದು ಕೇಳಿದರು. ಆ ಮಕ್ಕಳಲ್ಲಿ ಯಾರೂ ಇನ್ನೂ ಓದು ಕಲಿತಿರಲಿಲ್ಲ. ನಾಲ್ಕು ವರ್ಷ ಕಾದು, ಅದೇ ಮಕ್ಕಳ ಓದನ್ನು ಪರೀಕ್ಷಿಸಿದರು. ಪ್ರಾಸದಲ್ಲಿ ಮುಗ್ಗರಿಸಿದವರು ಓದಿನಲ್ಲೂ ಹಿಂದುಳಿದಿದ್ದರು. 1983ರಲ್ಲಿ ಈ ಫಲ ಪ್ರಕಟವಾಯಿತು. 1990ರಲ್ಲಿ ಹಾಲಿಸ್ ಸ್ಕಾರ್ಬರೊ ಎಂಬ ಅಮೆರಿಕದ ವಿದುಷಿ ಇನ್ನೂ ಹಿಂದಕ್ಕೆ ಹೋದರು. ಈ ತೊಡಕಿದ್ದ ಮನೆತನಗಳ ಮಕ್ಕಳನ್ನು ಎರಡೂವರೆ ವರ್ಷದಿಂದಲೇ ಗಮನಿಸಿ, ಮುಂದೆ ಓದಿನಲ್ಲಿ ತೊಡಕಾದವರ ವಾಕ್ಯಗಳು ಆಗಲೇ ಗಿಡ್ಡವಾಗಿದ್ದುವು, ಉಚ್ಚಾರ ಅಸ್ಪಷ್ಟವಾಗಿತ್ತು ಎಂದು ತೋರಿಸಿದರು. ಮುಪ್ಪಿನವರಿಂದ ಹೊರಟ ಕಥೆ ಹದಿನಾಲ್ಕರ ಪರ್ಸಿಗೆ ಇಳಿದು, ನಾಲ್ಕೈದಕ್ಕೆ ಇಳಿದು, ತೊದಲ್ನುಡಿಯ ಕೂಸಿನವರೆಗೆ ಬಂತು. ನೂರಹದಿಮೂರು ವರ್ಷ ಹಿಡಿಯಿತು.

ಕನ್ನಡದ ಮಾತೇನು? ಇಂಗ್ಲಿಷಿನಲ್ಲಿ ಬರೆಯುವುದೊಂದು ಓದುವುದೊಂದು, ನಮ್ಮಲ್ಲಿ ಬರೆದಂತೆ ಓದು, ಆದ್ದರಿಂದ ನಮ್ಮ ಮಕ್ಕಳಿಗೆ ಈ ಕಷ್ಟವಿಲ್ಲ ಎಂದು ಪಂಡಿತರಾದ ನಾವು ಎದೆಯುಬ್ಬಿಸಿದ್ದುಂಟು. ಅರ್ಧ ನಿಜ. ಜರ್ಮನ್ ಭಾಷೆಯೂ ಹೆಚ್ಚು ಕಡಿಮೆ ಬರೆದಂತೆ ಓದುವುದೇ. ಆಸ್ಟ್ರಿಯದ ಹೈನ್ಸ್ ವಿಮ್ಮರ್ 1993ರಲ್ಲಿ ತೋರಿಸಿದಂತೆ ಅಲ್ಲಿಯ ಇಂಥ ಮಕ್ಕಳು ತಪ್ಪಿಲ್ಲದೆ ಓದುತ್ತಾರೆ, ಆದರೆ ತೀರ ನಿಧಾನವಾಗಿ. ಅಂದರೆ ತಪ್ಪನ್ನೇ ಎಣಿಸುವ ಮೇಷ್ಟರ ಕಣ್ಣಿಗೆ ಅವರು ಬೀಳುವುದಿಲ್ಲ. ಮೇಲಾಗಿ ನಮ್ಮದು ಐವತ್ತು ಅಕ್ಷರವಲ್ಲ. ಕಾಗುಣಿತ, ಒತ್ತಕ್ಷರ ಸೇರಿ ಮಗು ಗುರುತಿಸಬೇಕಾದ ರೂಪಗಳು ನೂರಾರು. ಬೆಂಗಳೂರಿನ ಸೊನಾಲಿ ನಾಗ್ ಅವರು ಕನ್ನಡ ಓದುವ ಮಕ್ಕಳನ್ನೇ ಅಭ್ಯಾಸ ಮಾಡಿ 2007ರಲ್ಲಿ ಪ್ರಕಟಿಸಿದಂತೆ, ಈ ಕಲಿಕೆ ಒಂದನೆಯ ತರಗತಿಗೆ ಮುಗಿಯುವುದಲ್ಲ, ನಾಲ್ಕನೆಯ ತರಗತಿಯವರೆಗೂ ನಡೆದೇ ಇರುತ್ತದೆ. ಆದ್ದರಿಂದ ಒಂದನೆಯ ತರಗತಿಯ ಮಗು ಒತ್ತಕ್ಷರದಲ್ಲಿ ತಡವರಿಸಿದರೆ ಗಾಬರಿಯಾಗಬೇಡಿ. ಐದು ವರ್ಷದ ಕೂಸು ಅಕ್ಷರವನ್ನು ತಿರುಗಿಸಿ ಬರೆದರೂ ಅದು ಆ ವಯಸ್ಸಿನ ಸಹಜ ಗುಣ. ಆರ್ಟನ್ನರ ಕಾಲದ ಭಯವನ್ನು ಬಿಡಿ.

ಹಾಗಾದರೆ ನೋಡಬೇಕಾದ್ದು ಏನು? ಮನೆಯಲ್ಲಿ ನಾಲ್ಕೈದು ವರ್ಷದ ಮಗುವಿದ್ದರೆ ಅದರೊಡನೆ ಆಡಿ ನೋಡಿ. ‘ಕಪ್ಪೆ, ಕಡಲೆ, ಮರ’ ಇವುಗಳಲ್ಲಿ ಗುಂಪಿಗೆ ಸೇರದ್ದು ಯಾವುದು? ‘ಅವಲಕ್ಕಿ’ಯನ್ನು ಚಪ್ಪಾಳೆ ತಟ್ಟಿ ಬಿಡಿಸಿ ಹೇಳುತ್ತದೆಯೆ? ಮಾತು ಬರುವುದು ತಡವಾಯಿತೆ? ಗೊತ್ತಿರುವ ವಸ್ತುವಿನ ಹೆಸರೇ ನಾಲಗೆಗೆ ಬಾರದೆ ‘ಅದೂ, ಅದೂ’ ಎಂದು ತಡಕಾಡುವುದು ಹೆಚ್ಚೆ? ‘ಗಡಿಯಾರ’ ಐದಾರು ವರ್ಷವಾದರೂ ‘ಗಯಡಾರ’ವೇ ಆಗಿದೆಯೆ? ವಾರದ ಹೆಸರುಗಳ ಸರಣಿ ಎಷ್ಟು ಹೇಳಿಕೊಟ್ಟರೂ ನಿಲ್ಲುವುದಿಲ್ಲವೆ? ಕಥೆ ಕೇಳಲು ಹಾತೊರೆಯುವ ಮಗು ಅಕ್ಷರದ ಪುಸ್ತಕ ಕಂಡರೆ ಹೊಟ್ಟೆನೋವೆಂದು ಮಲಗುತ್ತದೆಯೆ? ಒಂದೊಂದೇ ಆಗಿ ಇವು ಏನನ್ನೂ ಹೇಳವು. ಹಲವು ಒಟ್ಟಿಗೆ ಕಂಡು, ತಿಂಗಳುಗಟ್ಟಲೆ ನಿಂತು, ಮನೆಯ ಹಿರಿಯರಲ್ಲೂ ಓದಿನ ತೊಡಕು ಇದ್ದುದಾದರೆ ಕಾಯುತ್ತ ಕೂರಬೇಡಿ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಶಾಲೆಗಳು ಗುರುತಿಸಿ ಕಳುಹಿಸುವವರಲ್ಲಿ ಗಂಡುಹುಡುಗರೇ ಬಹಳ. ಆದರೆ ಎಲ್ಲ ಮಕ್ಕಳನ್ನೂ ಪರೀಕ್ಷಿಸಿದಾಗ ಆ ಅಂತರ ಬಹುಮಟ್ಟಿಗೆ ಅಳಿಸಿಹೋಯಿತೆಂದು ಅಮೆರಿಕದ ಸ್ಯಾಲಿ ಶೇವಿಟ್ಸ್ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು. ಗಂಡುಹುಡುಗ ಗಲಾಟೆ ಮಾಡುತ್ತಾನೆ, ಕಣ್ಣಿಗೆ ಬೀಳುತ್ತಾನೆ. ಹುಡುಗಿ ಹಿಂದಿನ ಬೆಂಚಿನಲ್ಲಿ ತಲೆತಗ್ಗಿಸಿ ಕೂರುತ್ತಾಳೆ.

ನಮ್ಮ ದೇಶದಲ್ಲಿ ಜನ ಈ ಹೆಸರನ್ನು ವ್ಯಾಪಕವಾಗಿ ಕೇಳಿದ್ದು 2007ರಲ್ಲಿ, ‘ತಾರೆ ಜಮೀನ್ ಪರ್’ ಎಂಬ ಹಿಂದಿ ಚಲನಚಿತ್ರದಿಂದ. ಕಾನೂನು ಬಂದದ್ದು 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದಲ್ಲಿ. ಅದು ಹೆಸರಿಸುವ 21 ಬಗೆಗಳಲ್ಲಿ ನಿರ್ದಿಷ್ಟ ಕಲಿಕಾ ತೊಡಕೂ ಒಂದು. ಮಕ್ಕಳಲ್ಲಿ ಅದನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಾಕ್ರಮವನ್ನು ಕೈಗೊಳ್ಳುವುದು ಶಾಲೆಯ ಕರ್ತವ್ಯವೆಂದು 16ನೆಯ ಕಲಮು ಹೇಳುತ್ತದೆ. ಮುಖ್ಯೋಪಾಧ್ಯಾಯರ ಮುಂದೆ ಕುಳಿತು ಈ ಮಾತನ್ನು ಕೇಳಲು ನಿಮಗೆ ಸಂಕೋಚ ಬೇಕಿಲ್ಲ.

ಕಳೆದ ವರ್ಷ ಆ ನನ್ನ ಹಳೆಯ ಶಿಷ್ಯ ಮನೆಗೆ ಬಂದಿದ್ದ. ಈಗ ಅವನಿಗೆ ಸ್ವಂತ ಮೋಟಾರ್ ರಿಪೇರಿ ಅಂಗಡಿ ಇದೆ. ಇಂಜಿನ್ನಿನ ಸದ್ದು ಕೇಳಿಯೇ ದೋಷ ಹೇಳುತ್ತಾನೆಂದು ಊರಿನಲ್ಲಿ ಹೆಸರಿದೆ. ಆರು ವರ್ಷದ ಮಗಳ ಕೈ ಹಿಡಿದುಕೊಂಡಿದ್ದ. “ಇವಳಿಗೂ ನನ್ನ ಹಾಗೇ ಅಕ್ಷರ ಹತ್ತುತ್ತಿಲ್ಲ, ಮೇಷ್ಟ್ರೇ. ಹೊಡೀಬೇಡಿ ಅಂತ ಅವಳ ಟೀಚರಿಗೆ ಒಂದು ಮಾತು ಹೇಳ್ತೀರಾ?” ಎಂದ. ಕೆಂಪು ಮಸಿಯ ಮಾತನ್ನು ಅವನು ಎತ್ತಲಿಲ್ಲ, ನಾನೇ ಎತ್ತಿದೆ. “ಹೋಗ್ಲಿ ಬಿಡಿ” ಎಂದು ಚಹದ ಲೋಟದೊಳಗೆ ನೋಡುತ್ತ ಕುಳಿತ. ಮರುದಿನ ಶಾಲೆಗೆ ಹೋಗಿ ಮಾತನಾಡಿ ಬಂದೆ. ಪರೀಕ್ಷೆಯನ್ನೂ ಮಾಡಿಸಿದೆವು. ಈಗ ಹುಡುಗಿ ಸಂಜೆ ಆರಕ್ಕೆ ನನ್ನ ಜಗಲಿಗೆ ಬರುತ್ತಾಳೆ. ಒಂದು ತಟ್ಟೆ ಮರಳು, ಇಪ್ಪತ್ತು ನಿಮಿಷ. ಕಾಗುಣಿತದಲ್ಲಿ ‘ಕೃ’ವರೆಗೆ ಬಂದಿದ್ದೇವೆ.