ಪಬ್ಬಿನ ಒಳಕೋಣೆ

ನಮ್ಮ ಅಪ್ಪಂದಿರು ಊರ ಹೋಟೆಲಿನ ಹೊರಗೆ ನಿಂತು ಟೀ ಕುಡಿದವರು. ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟ ಲೋಟ ತಾವೇ ತೆಗೆದು, ತಾವೇ ತೊಳೆದು, ಕುಡಿದು, ಮತ್ತೆ ತೊಳೆದು ಅಲ್ಲೇ ಸಿಕ್ಕಿಸಿ ಬಂದವರು. ದುಡ್ಡು ಮಾತ್ರ ಒಳಗೆ ಕೂತವರಷ್ಟೇ. ಹಾಗಾಗಿ ಯಾವ ದೇಶದ ಯಾವ ಅಂಗಡಿಯ ಚರಿತ್ರೆ ಓದಿದರೂ ನಮ್ಮ ಕಣ್ಣು ಮೊದಲು ಹುಡುಕುವುದು ಒಳಗೆ ಯಾರು, ಹೊರಗೆ ಯಾರು ಅನ್ನೋದನ್ನ. ಇಂಗ್ಲೆಂಡಿನ ಪಬ್ಬಿನ ಕತೆಯನ್ನೂ ಹಾಗೇ ಓದಿದೆವು. ಕುಡಿತದ ಪರ ವಕಾಲತ್ತು ಮಾಡ್ತಿದ್ದಾರೆ ಅಂತ ಯಾರೂ ತಿಳಿಯಬೇಡಿ. ಸಾರಾಯಿ ನಮ್ಮ ಕೇರಿಗಳನ್ನು ಎಷ್ಟು ತಿಂದಿದೆ ಅಂತ ನಮ್ಮ ಅವ್ವಂದಿರಿಗೆ ಗೊತ್ತು, ನಮಗೂ ಗೊತ್ತು.

ಪಬ್ಬು ಅಂದರೆ ಪಬ್ಲಿಕ್ ಹೌಸು. ಸಾರ್ವಜನಿಕರ ಮನೆ. ಹೆಸರು ದೊಡ್ಡದು. ಆದರೆ ಆ ಮನೆಯ ಬೀಗದಕೈ ಯಾರ ಸೊಂಟದಲ್ಲಿರಬೇಕು ಅಂತ ಅಲ್ಲಿನ ಪಾರ್ಲಿಮೆಂಟು ಇನ್ನೂರು ವರ್ಷದಿಂದ ಜಗಳ ಆಡಿಕೊಂಡೇ ಬಂದಿದೆ.

1830ರಲ್ಲಿ ಬಿಯರುಮನೆ ಕಾಯಿದೆ ಬಂತು. ಆಗ ಪ್ರಧಾನಿ ವೆಲ್ಲಿಂಗ್ಟನ್. ಹೌದು, 1799ರಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೆ ದಂಡು ತಂದವರಲ್ಲಿ ಒಬ್ಬನಾದ ಅದೇ ಆರ್ಥರ್ ವೆಲ್ಲೆಸ್ಲಿ. ಅಲ್ಲಿಯತನಕ ಪಬ್ಬಿಗೆ ಲೈಸೆನ್ಸು ಕೊಡುವ ಅಧಿಕಾರ ಊರಿನ ಮ್ಯಾಜಿಸ್ಟ್ರೇಟರ ಕೈಲಿತ್ತು. ಅವರೋ ಜಮೀನ್ದಾರ ಮಂದಿ. ಅವರಿಗೂ ದೊಡ್ಡ ಬಿಯರು ಕಾರ್ಖಾನೆಗಳಿಗೂ ನಂಟಿದೆ ಅನ್ನೋದು ಜನರ ದೂರು. ಹೊಸ ಕಾಯಿದೆ ಅವರನ್ನು ಬದಿಗೆ ತಳ್ಳಿತು. ತೆರಿಗೆ ಕಟ್ಟುವ ಮನೆಯ ಯಜಮಾನ ವರ್ಷಕ್ಕೆ 2 ಗಿನಿ ಕೊಟ್ಟರೆ ಸಾಕು, ತನ್ನ ಮನೆಯಲ್ಲೇ ಬಿಯರು ತಯಾರಿಸಿ ಮಾರಬಹುದು. ಮೊದಲ ಆರು ತಿಂಗಳಲ್ಲೇ 24 ಸಾವಿರಕ್ಕೂ ಹೆಚ್ಚು ಲೈಸೆನ್ಸು ಹೋದವು. ಬಡಗಿ, ಕಮ್ಮಾರ, ಕೂಲಿಕಾರರ ಮನೆಯ ಮುಂದಿನ ಕೋಣೆಗಳೇ ಅಂಗಡಿಯಾದವು. ಅದೇ ವರ್ಷದ ಕೊನೆಗೆ ದಕ್ಷಿಣ ಇಂಗ್ಲೆಂಡಿನ ಹೊಲದ ಕೂಲಿಗಳು ಒಕ್ಕಣೆ ಯಂತ್ರ ಒಡೆದು ದಂಗೆ ಎದ್ದರು. ಸಂಚು ಹುಟ್ಟಿದ್ದೇ ಈ ಬಿಯರುಮನೆಗಳಲ್ಲಿ ಅಂತ ಒಡೆಯರು ಬೊಬ್ಬೆ ಹಾಕಿದರು. ಬಡವರು ನಾಲ್ಕು ಜನ ಒಂದು ಸೂರಿನಡಿ ಕೂತರೆ ಒಡೆಯನಿಗೆ ಎಲ್ಲಾ ಕಡೆಯೂ ಹೊಟ್ಟೆನೋವೇ.

1869ರಲ್ಲಿ ಬೀಗದಕೈ ಮತ್ತೆ ಮ್ಯಾಜಿಸ್ಟ್ರೇಟರ ಕೈಗೆ ಹೋಯಿತು. ಹೊಸ ಲೈಸೆನ್ಸು ಸಿಗುವುದು ಕಷ್ಟವಾದಾಗ ಇದ್ದ ಲೈಸೆನ್ಸಿಗೆ ಬೆಲೆ ಏರಿತು. ಕಾರ್ಖಾನೆಯವರು ಷೇರು ಮಾರಿ, ದುಡ್ಡು ಎತ್ತಿ, ಪಬ್ಬುಗಳನ್ನೇ ಕೊಂಡುಕೊಂಡರು. ಕೊಂಡ ಪಬ್ಬಿಗೆ ಕಟ್ಟು ಹಾಕಿದರು: ಇಲ್ಲಿ ನಮ್ಮ ಬಿಯರು ಬಿಟ್ಟು ಬೇರೆಯದು ಮಾರುವ ಹಾಗಿಲ್ಲ. ಸಾಲ ಕೊಟ್ಟ ಸಾಹುಕಾರನ ಅಂಗಡಿಯಲ್ಲೇ ಬೀಜ ಗೊಬ್ಬರ ಕೊಳ್ಳಬೇಕು, ಅವನು ಹೇಳಿದ ರೇಟಿಗೇ ಕೊಳ್ಳಬೇಕು ಅನ್ನುತ್ತಾರಲ್ಲ, ಹಾಗೆ.

ಈ ಕಟ್ಟು ನೂರು ವರ್ಷ ನಡೆಯಿತು. 1989ರಲ್ಲಿ ಏಕಸ್ವಾಮ್ಯದ ವಿಚಾರಣೆ ಮಾಡುವ ಆಯೋಗ ವರದಿ ಕೊಟ್ಟಾಗ ದೇಶದ ಬಿಯರಿನ ಮುಕ್ಕಾಲು ಪಾಲು ಆರು ಕಂಪನಿಗಳ ಕೈಲಿತ್ತು. ಯಾವ ಕಂಪನಿಯೂ 2,000ಕ್ಕಿಂತ ಹೆಚ್ಚು ಪಬ್ಬು ಇಟ್ಟುಕೊಳ್ಳಬಾರದು ಅಂದಿತು ಆಯೋಗ. ಮಂತ್ರಿ ಮೊದಲು ಒಪ್ಪುವ ಹಾಗೆ ಮಾತಾಡಿದ. ಕಂಪನಿಗಳು ಗುಲ್ಲೆಬ್ಬಿಸಿದವು, ಆಳುವ ಪಕ್ಷದ ಸದಸ್ಯರೇ ತಿರುಗಿಬಿದ್ದರು, ಮಂತ್ರಿ ಅರ್ಧ ಹಿಂದೆ ಸರಿದ. 2,000ಕ್ಕಿಂತ ಮೇಲಿರುವುದರಲ್ಲಿ ಅರ್ಧದಷ್ಟನ್ನು ಬಿಡಿಸಿದರೆ ಸಾಕು ಅಂತಾಯಿತು. ಕಂಪನಿಗಳು ಪಬ್ಬುಗಳನ್ನು ಮಾರಿದವು. ಕೊಂಡವರು ಯಾರು? ಬಿಯರು ತಯಾರಿಸದ, ಬರೀ ಪಬ್ಬು ಇಟ್ಟುಕೊಳ್ಳುವ ಹೊಸ ಕಂಪನಿಗಳು. ಒಂದೊಂದರ ಹತ್ತಿರ ಸಾವಿರಾರು ಪಬ್ಬು. ಕಾಯಿದೆ ಹೇಳಿದ್ದು ಬಿಯರು ತಯಾರಿಸುವವರ ಬಗ್ಗೆ, ಇವರ ಬಗ್ಗೆ ಅಲ್ಲ. ಕಟ್ಟು ಹಾಗೇ ಉಳಿಯಿತು, ಒಡೆಯ ಬದಲಾದ. ನಮ್ಮ ಭೂಸುಧಾರಣೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜ ಹೇಳಬೇಕು, ಒಳ್ಳೇ ಕೆಲಸವೂ ಆಗಿದೆ. 2002ರಲ್ಲಿ ವರ್ಷಕ್ಕೆ 5 ಲಕ್ಷ ಲೀಟರಿನ ಒಳಗೆ ತಯಾರಿಸುವ ಸಣ್ಣವರಿಗೆ ಸುಂಕ ಅರ್ಧ ಇಳಿಸಿದರು. ಕೆಲವು ನೂರು ಇದ್ದ ಸಣ್ಣ ತಯಾರಕರು ಮುಂದಿನ ವರ್ಷಗಳಲ್ಲಿ ಸಾವಿರ ದಾಟಿದರು. 2014ರ ನವೆಂಬರಿನಲ್ಲಿ ಗ್ರೆಗ್ ಮಲ್‌ಹಾಲೆಂಡ್ ಅನ್ನುವ ಸದಸ್ಯ ಒಂದು ತಿದ್ದುಪಡಿ ತಂದ. ಪಬ್ಬಿನ ಗೇಣಿದಾರ ಬೇಕಾದರೆ ಮಾರುಕಟ್ಟೆ ಬಾಡಿಗೆ ಮಾತ್ರ ಕೊಟ್ಟು, ಬಿಯರನ್ನು ಎಲ್ಲಿ ಬೇಕಾದರೂ ಕೊಳ್ಳಬಹುದು ಅಂತ. ಅವನು ಆಳುವ ಮೈತ್ರಿಕೂಟದವನೇ. 284ಕ್ಕೆ 269 ಮತದಲ್ಲಿ ಸರ್ಕಾರ ಸೋತಿತು. 2015ರಲ್ಲಿ ಅದು ಕಾಯಿದೆಯಾಗಿ, 2016ರಲ್ಲಿ 500 ಕಟ್ಟುಪಬ್ಬು ಮತ್ತು ಅದಕ್ಕೂ ಹೆಚ್ಚು ಇರುವ ಕಂಪನಿಗಳಿಗೆ ಜಾರಿಯಾಯಿತು.

ದೊಡ್ಡವರ ಎದುರು ಸಣ್ಣವರು ಅಂತ ಈ ಕತೆಯನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆದರೆ ಇಷ್ಟು ಹೊತ್ತು ಹೇಳಿದ ಕತೆಯಲ್ಲಿ ಕರಿಯ ಮನುಷ್ಯ ಒಬ್ಬನಾದರೂ ಬಂದನಾ?

ಅವನು ಹೊರಗಿದ್ದ. ಎರಡನೇ ಯುದ್ಧ ಮುಗಿದ ಮೇಲೆ ಕಾರ್ಖಾನೆ, ಬಸ್ಸು, ಆಸ್ಪತ್ರೆಗೆ ಆಳು ಸಾಲದೆ ವೆಸ್ಟ್ ಇಂಡೀಸಿನಿಂದ, ಪಂಜಾಬಿನಿಂದ ಜನ ಹೋದರು. ಕೆಲಸಕ್ಕೆ ಬೇಕು, ಪಬ್ಬಿಗೆ ಬೇಡ. ಬರ್ಮಿಂಗ್‌ಹ್ಯಾಮಿನ ಪಕ್ಕದ ಸ್ಮೆತ್ವಿಕ್ಕಿನಲ್ಲಿ ಕೆಲವು ಪಬ್ಬು ಇವರನ್ನು ಒಳಗೇ ಬಿಡುತ್ತಿರಲಿಲ್ಲ. ಕೆಲವು ಕಡೆ ಸಾದಾ ಬಾರಿನಲ್ಲಿ ನಿಂತು ಕುಡಿಯಬಹುದು, ಮೆತ್ತನೆ ಕುರ್ಚಿಯ ಒಳಕೋಣೆಗೆ ಕಾಲಿಡುವ ಹಾಗಿಲ್ಲ. ಓದುವಾಗ ನಮಗೆ ಆ ಸೂರಿನ ಲೋಟವೇ ಕಣ್ಣಮುಂದೆ ಬಂತು.

ಅವತಾರ್ ಸಿಂಗ್ ಜೋಹಲ್ ಅಂತ ಒಬ್ಬರಿದ್ದರು, 2022ರಲ್ಲಿ ತೀರಿಕೊಂಡರು. ಪಂಜಾಬಿನಿಂದ 1958ರಲ್ಲಿ ಹೋಗಿ ಎರಕದ ಕಾರ್ಖಾನೆ ಸೇರಿದವರು, ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ನಿನ ಮುಂದಾಳು. ಇವರು ಒಂದು ಉಪಾಯ ಮಾಡಿದರು. ಮೊದಲು ಬಿಳಿ ವಿದ್ಯಾರ್ಥಿಗಳನ್ನು ಒಳಕೋಣೆಗೆ ಕಳಿಸುವುದು. ಅವರಿಗೆ ಗ್ಲಾಸು ಬರುತ್ತದೆ. ಹಿಂದೆಯೇ ಇವರು ಹೋಗುವುದು. ಇವರಿಗೆ ಇಲ್ಲ. ಅಲ್ಲೇ ಸಾಕ್ಷಿ ಸಿಕ್ಕಿತು. ಅದನ್ನು ಹಿಡಿದು ಆ ಪಬ್ಬಿನ ಲೈಸೆನ್ಸಿಗೆ ತಕರಾರು ಹಾಕುವುದು. ಬಿಯರು ಕುಡಿಯೋದನ್ನೇ ಚಳವಳಿ ಮಾಡಿದರು.

ಬ್ರಿಸ್ಟಲ್ಲಿನಲ್ಲಿ 1964ರಲ್ಲಿ ಪಾಲ್ ಸ್ಟೀಫನ್‌ಸನ್ ಎಂಬ ಕರಿಯ ಯುವಕ ಬೇ ಹಾರ್ಸ್ ಪಬ್ಬಿನಲ್ಲಿ ಬಿಯರು ಕೊಡುವತನಕ ಏಳುವುದಿಲ್ಲ ಅಂತ ಕೂತುಬಿಟ್ಟ. ಪೊಲೀಸರು ಎಳೆದುಕೊಂಡು ಹೋಗಿ ಲಾಕಪ್ಪಿಗೆ ಹಾಕಿದರು. ಕೋರ್ಟಿನಲ್ಲಿ ಕೇಸು ಬಿದ್ದುಹೋಯಿತು. 1965ರ ಫೆಬ್ರವರಿ 12ರಂದು ಮಾಲ್ಕಂ ಎಕ್ಸ್ ಸ್ಮೆತ್ವಿಕ್ಕಿಗೆ ಬಂದ. ಜೋಹಲ್ ಅವನನ್ನು ಬ್ಲೂ ಗೇಟ್ಸ್ ಪಬ್ಬಿಗೆ ಕರೆದುಕೊಂಡು ಹೋದರು. ಮಾಲ್ಕಂ ಮುಸಲ್ಮಾನ, ಮದ್ಯ ಮುಟ್ಟುವವನಲ್ಲ. ಆದರೂ ಹೋದ. ಒಳಕೋಣೆಯಲ್ಲಿ ಅವರಿಗೆ ಏನೂ ಕೊಡಲಿಲ್ಲ. ಒಂಬತ್ತು ದಿನದ ಮೇಲೆ ನ್ಯೂಯಾರ್ಕಿನಲ್ಲಿ ಅವನನ್ನು ಗುಂಡಿಟ್ಟು ಕೊಂದರು.

ಪಾರ್ಲಿಮೆಂಟು ಏನು ಮಾಡುತ್ತಿತ್ತು? ಫೆನ್ನರ್ ಬ್ರಾಕ್‌ವೇ ಅನ್ನುವ ಸದಸ್ಯ, ಕಲ್ಕತ್ತೆಯಲ್ಲಿ ಹುಟ್ಟಿದವನು, 1956ರಿಂದ ಒಂದಾದ ಮೇಲೊಂದು ಒಂಬತ್ತು ಸಲ ವರ್ಣಭೇದದ ವಿರುದ್ಧ ಮಸೂದೆ ತಂದ. ಒಂಬತ್ತೂ ಬಿದ್ದವು. 1964ರ ಚುನಾವಣೆಯಲ್ಲಿ 11 ಮತದಿಂದ ಅವನೇ ಬಿದ್ದ. ಮರುವರ್ಷ ಕಾಯಿದೆ ಬಂತು. ಪಬ್ಬು, ಹೋಟೆಲು, ಸಿನಿಮಾಮನೆಗಳಲ್ಲಿ ಬಣ್ಣ ನೋಡಿ ತಡೆಯುವಂತಿಲ್ಲ. ಆದರೆ ತಡೆದರೆ ಅದು ಕ್ರಿಮಿನಲ್ ಅಪರಾಧವಲ್ಲ. ಕೂತು ರಾಜಿ ಮಾಡಿಸುವ ಸಮಿತಿಯ ಮುಂದೆ ಹೋಗಬೇಕು. ಪಂಚಾಯ್ತಿ ಕಟ್ಟೆಯ ರಾಜಿಯ ರುಚಿ ನಮಗೆ ಗೊತ್ತಿದೆ.

ಪಬ್ಬು ತೆರೆಯಿತು. ಕ್ಲಬ್ಬು ತೆರೆಯಲಿಲ್ಲ. ಲಂಡನ್ನಿನ ಈಸ್ಟ್ ಹ್ಯಾಮಿನ ಕನ್ಸರ್ವೇಟಿವ್ ಕ್ಲಬ್ಬಿಗೆ ಭಾರತ ಮೂಲದ ಸಿಖ್ಖನೊಬ್ಬ ಅರ್ಜಿ ಹಾಕಿದ. ಅವನೂ ಅದೇ ಪಕ್ಷದವನೇ. ಕಮಿಟಿಯ ಮತ ಸಮವಾಯಿತು. ಅಧ್ಯಕ್ಷ ತನ್ನ ಮತ ಹಾಕಿ ಬಾಗಿಲು ಮುಚ್ಚಿದ. ಕ್ಲಬ್ಬು ಖಾಸಗಿ, ಸಾರ್ವಜನಿಕರದಲ್ಲ, ಆದ್ದರಿಂದ ತಪ್ಪಿಲ್ಲ ಅಂತ 1973ರಲ್ಲಿ ಲಾರ್ಡುಗಳ ಸಭೆ ತೀರ್ಪು ಕೊಟ್ಟಿತು. ಮರುವರ್ಷ ಪ್ರೆಸ್ಟನ್ನಿನ ಬಂದರು ಕಾರ್ಮಿಕರ ಕ್ಲಬ್ಬಿನ ಕೇಸಿನಲ್ಲೂ ಅದೇ ತೀರ್ಪು. ಕಾರ್ಮಿಕರ ಕ್ಲಬ್ಬು, ಗಮನಿಸಿ! ಕಾರ್ಮಿಕರೇ ಕಟ್ಟಿ ಕಾರ್ಮಿಕರೇ ನಡೆಸುವ ಮನೆ. ಇದನ್ನು ಓದಿದ ದಿನ ನಮಗೆ ಊಟ ಸೇರಲಿಲ್ಲ. 1976ರ ಕಾಯಿದೆ ಬಂದ ಮೇಲೆ 25 ಮತ್ತು ಅದಕ್ಕೂ ಹೆಚ್ಚು ಸದಸ್ಯರಿರುವ ಕ್ಲಬ್ಬಿನ ಬಾಗಿಲೂ ತೆರೆಯಿತು.

ಈಗ ಅಲ್ಲಿ ಸಮುದಾಯದ ಪಬ್ಬು ಅನ್ನುವ ಮಾತು ನಡೆದಿದೆ. 2003ರಲ್ಲಿ ಕಂಬ್ರಿಯಾದ ಹೆಸ್ಕೆಟ್ ನ್ಯೂಮಾರ್ಕೆಟ್ ಹಳ್ಳಿಯವರು ಓಲ್ಡ್ ಕ್ರೌನ್ ಪಬ್ಬನ್ನು ಸಹಕಾರಿಯಾಗಿ ಕೊಂಡರು. 2011ರ ಕಾಯಿದೆಯಂತೆ ಊರಿನವರು ತಮ್ಮ ಪಬ್ಬನ್ನು ಸಮುದಾಯದ ಆಸ್ತಿ ಅಂತ ಪಟ್ಟಿಗೆ ಸೇರಿಸಿದರೆ, ಮಾರಾಟಕ್ಕೆ ಬಂದಾಗ ದುಡ್ಡು ಹೊಂದಿಸಲು ಆರು ತಿಂಗಳ ವ್ಯವಧಾನ ಸಿಗುತ್ತದೆ. ಲಂಡನ್ನಿನ ನನ್‌ಹೆಡ್ಡಿನ ಐವಿ ಹೌಸ್ 2013ರಲ್ಲಿ ಹೀಗೇ ಉಳಿಯಿತು. ಇಂಥ ಸಹಕಾರಿಗಳಲ್ಲಿ ಎಷ್ಟೇ ಷೇರು ಇದ್ದರೂ ಸದಸ್ಯನಿಗೆ ಒಂದೇ ಮತ. ಒಳ್ಳೆಯದೇ. ಆದರೆ ಸಮುದಾಯ ಅನ್ನುವ ಮಾತು ಕೇಳಿದರೆ ನಮಗೆ ಮೈ ಜುಂ ಅನ್ನುತ್ತದೆ. ನಮ್ಮ ಕಡೆ ಸಮುದಾಯ ಭವನ ಅಂದರೆ ಜಾತಿಗೊಂದು. ಈಸ್ಟ್ ಹ್ಯಾಮಿನಲ್ಲೂ ಮತ ಹಾಕಿಯೇ ತಾನೇ ಬಾಗಿಲು ಮುಚ್ಚಿದ್ದು.

ಸ್ಮೆತ್ವಿಕ್, ವೆಸ್ಟ್ ಬ್ರಾಮಿಚ್ ಕಡೆ ಪಂಜಾಬಿಗಳೇ ನಡೆಸುವ ಪಬ್ಬುಗಳಿವೆ. ದೇಸಿ ಪಬ್ಬು ಅಂತಲೇ ಅವಕ್ಕೆ ಹೆಸರು. ಬಿಯರಿನ ಜೊತೆ ಕಾದ ತಟ್ಟೆಯಲ್ಲಿ ಚುರುಗುಟ್ಟುವ ತಂದೂರಿ ಮಾಂಸ ಬರುತ್ತದೆ, ಬಿಳಿಯರೂ ಕೂತು ತಿನ್ನುತ್ತಾರೆ. ಜೋಹಲ್ ಅವರ ಕಾಲದವರು ಒದೆ ತಿಂದು ತೆರೆಸಿದ ಬಾಗಿಲು ಅದು. ಅಲ್ಲಿಗೆ ಹೋದ ನಮ್ಮವರ ಹಿಂದೆ ಜಾತಿಯೂ ಹಡಗು ಹತ್ತಿ ಹೋಗಿದೆ. ಸಮಾನತೆಯ ಕಾಯಿದೆಯಲ್ಲಿ ಬಣ್ಣದ ಜೊತೆ ಜಾತಿಯನ್ನೂ ಬರೆಯಲೇಬೇಕು ಅಂತ 2013ರಲ್ಲಿ ಪಾರ್ಲಿಮೆಂಟು ಕಟ್ಟಪ್ಪಣೆ ಮಾಡಿತು. ಐದು ವರ್ಷ ಸರ್ಕಾರ ಬರೆಯಲಿಲ್ಲ. 2018ರ ಜುಲೈನಲ್ಲಿ, ಕೋರ್ಟಿನ ತೀರ್ಪುಗಳೇ ಸಾಕು, ಬರೆಯುವುದಿಲ್ಲ ಅಂತ ಹೇಳಿತು.