ಡಿಮಾರ್ಕ್ ನೀತಿ ಮತ್ತು ಮೇಲಿಂಗ್ ಲಿಸ್ಟ್‌ಗಳು

ಡಿಮಾರ್ಕ್ ಎಂಬುದು ಮಿಂಚಂಚೆಯ ‘ಇಂದ’ ಸಾಲಿನಲ್ಲಿ ಕಾಣುವ ವಿಳಾಸದ ಡೊಮೈನ್ ನಿಜವಾದುದೇ ಎಂದು ಪರೀಕ್ಷಿಸುವ ಮತ್ತು ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕೆಂದು ತಿಳಿಸುವ ಒಂದು ವ್ಯವಸ್ಥೆ. ಡೊಮೈನ್-ಬೇಸ್ಡ್ ಮೆಸೇಜ್ ಅಥೆಂಟಿಕೇಷನ್, ರಿಪೋರ್ಟಿಂಗ್ ಅಂಡ್ ಕನ್ಫಾರ್ಮೆನ್ಸ್ ಎಂಬುದು ಇದರ ಪೂರ್ಣರೂಪ. 2012ರಲ್ಲಿ ಪ್ರಕಟವಾದ ಈ ವ್ಯವಸ್ಥೆಯನ್ನು 2015ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 7489 ಎಂಬ ದಾಖಲೆಯಾಗಿ ಹೊರತರಲಾಯಿತು. ವಂಚನೆಯ ಪತ್ರಗಳನ್ನು ತಡೆಯಲು ಹುಟ್ಟಿದ ಈ ನೀತಿಯು ಮೇಲಿಂಗ್ ಲಿಸ್ಟ್‌ಗಳ ಮೂಲಕ ಸಾಗುವ ಪ್ರಾಮಾಣಿಕ ಪತ್ರಗಳನ್ನೂ ತಡೆಯುತ್ತದೆ. ಈ ಲೇಖನವು ಆ ತೊಡಕನ್ನೂ ಅದರ ನಿರ್ವಹಣೆಯನ್ನೂ ಕುರಿತದ್ದು.

ಹಿನ್ನೆಲೆ

1982ರಲ್ಲಿ ರೂಪುಗೊಂಡ ಎಸ್‌ಎಂಟಿಪಿ ನಿಯಮಾವಳಿಯಲ್ಲಿ ಕಳುಹಿಸುವವರ ಗುರುತನ್ನು ಪರಿಶೀಲಿಸುವ ಏರ್ಪಾಡು ಇರಲಿಲ್ಲ. ಕಾಗದದ ಅಂಚೆಯಲ್ಲಿ ಲಕೋಟೆಯ ಮೇಲೊಂದು, ಪತ್ರದ ಒಳಗೊಂದು ವಿಳಾಸವಿರುವಂತೆಯೇ ಮಿಂಚಂಚೆಯಲ್ಲಿಯೂ ಎರಡು ಕಳುಹಿಸುವ ವಿಳಾಸಗಳಿರುತ್ತವೆ. ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಓದುಗರಿಗೆ ಕಾಣುವುದು ಒಳಗಿನದು ಮಾತ್ರ.

ಈ ಕೊರತೆಯನ್ನು ತುಂಬಲು ಎರಡು ವಿಧಾನಗಳು ಬಂದವು. ಎಸ್‌ಪಿಎಫ್ ವಿಧಾನವು ಲಕೋಟೆಯ ಡೊಮೈನನ್ನು ನೋಡಿ, ಪತ್ರ ತಂದ ಸರ್ವರಿಗೆ ಆ ಡೊಮೈನಿನ ಅನುಮತಿ ಇದೆಯೇ ಎಂದು ಕೇಳುತ್ತದೆ. ಡಿಕಿಮ್ ವಿಧಾನವು ಪತ್ರದ ಒಡಲಿಗೂ ಆಯ್ದ ಶೀರ್ಷಿಕೆಗಳಿಗೂ ಗೂಢಲಿಪಿಯ ಸಹಿಯನ್ನು ಹಾಕುತ್ತದೆ. ಲಕೋಟೆಗೆ ಒತ್ತಿದ ಅರಗಿನ ಮುದ್ರೆಯಂತೆ, ದಾರಿಯಲ್ಲಿ ಯಾರಾದರೂ ಕೈಯಾಡಿಸಿದರೆ ಅದು ಒಡೆಯುತ್ತದೆ. ಡಿಮಾರ್ಕ್ ಇವೆರಡರ ಮೇಲೆ ನಿಂತಿದೆ. ಎರಡರಲ್ಲಿ ಒಂದಾದರೂ ಗೆಲ್ಲಬೇಕು, ಮತ್ತು ಗೆದ್ದ ಡೊಮೈನು ‘ಇಂದ’ ಸಾಲಿನ ಡೊಮೈನಿಗೆ ಹೊಂದಬೇಕು. ಸೋತ ಪತ್ರಕ್ಕೆ ಡೊಮೈನಿನ ಒಡೆಯರು ಮೂರು ನೀತಿಗಳಲ್ಲಿ ಒಂದನ್ನು ಘೋಷಿಸಬಹುದು: ‘ನನ್’ ಎಂದರೆ ಏನೂ ಮಾಡಬೇಡಿ, ‘ಕ್ವಾರಂಟೈನ್’ ಎಂದರೆ ಸಂಶಯದಿಂದ ನೋಡಿ, ‘ರಿಜೆಕ್ಟ್’ ಎಂದರೆ ತಿರಸ್ಕರಿಸಿ.

ತೊಡಕು ಹುಟ್ಟುವ ಬಗೆ

ಸುರಪುರದ ಪ್ರೌಢಶಾಲೆಯ ಶಿಕ್ಷಕರೊಬ್ಬರು ತಮ್ಮ ಯಾಹೂ ವಿಳಾಸದಿಂದ ಶಿಕ್ಷಕರ ಮೇಲಿಂಗ್ ಲಿಸ್ಟ್ ಒಂದಕ್ಕೆ ಹತ್ತನೆಯ ತರಗತಿಯ ಮಾದರಿ ಪ್ರಶ್ನೆಪತ್ರಿಕೆಯನ್ನು ಕಳುಹಿಸಿದರೆಂದು ಭಾವಿಸೋಣ. ಲಿಸ್ಟಿನ ಸರ್ವರ್ ಅದನ್ನು ಪಡೆದು, ಶಹಾಪುರ, ಯಾದಗಿರಿಗಳ ಸದಸ್ಯರಿಗೆ ಮರಳಿ ಕಳುಹಿಸುತ್ತದೆ. ಆಗ ಲಕೋಟೆಯ ಮೇಲಿರುವುದು ಲಿಸ್ಟಿನ ಡೊಮೈನ್. ಎಸ್‌ಪಿಎಫ್ ಗೆದ್ದರೂ ಅದು ಯಾಹೂವಿಗೆ ಹೊಂದುವುದಿಲ್ಲ. ಲಿಸ್ಟ್ ತಂತ್ರಾಂಶವು ವಿಷಯದ ಸಾಲಿಗೆ ಗುಂಪಿನ ಹೆಸರನ್ನೂ ಪತ್ರದ ಕೊನೆಗೆ ಅಡಿಟಿಪ್ಪಣಿಯನ್ನೂ ಸೇರಿಸಿದ್ದರೆ ಡಿಕಿಮ್ ಮುದ್ರೆಯೂ ಒಡೆದಿರುತ್ತದೆ. ಪಡೆಯುವ ಸರ್ವರಿನ ಕಣ್ಣಿಗೆ ಅದು ಯಾಹೂವಿನ ಹೆಸರು ಕದ್ದ ಪತ್ರವೇ.

ಕರ್ನಾಟಕದಲ್ಲಿ ಇಂತಹ ಲಿಸ್ಟ್‌ಗಳ ದೊಡ್ಡ ನಿದರ್ಶನವೆಂದರೆ ಪ್ರೌಢಶಾಲಾ ಶಿಕ್ಷಕರ ‘ವಿಷಯ ಶಿಕ್ಷಕರ ವೇದಿಕೆ’. ಕನ್ನಡ, ಗಣಿತ-ವಿಜ್ಞಾನ, ಸಮಾಜ ವಿಜ್ಞಾನ ಮುಂತಾದ ವಿಷಯಗಳಿಗೆ ಗೂಗಲ್ ಗ್ರೂಪ್ಸ್‌ನಲ್ಲಿ ಬೇರೆ ಬೇರೆ ಗುಂಪುಗಳಿದ್ದವು. ಪ್ರತಿ ಪತ್ರದ ವಿಷಯಸಾಲಿಗೆ ಗುಂಪಿನ ಹೆಸರಿನೊಡನೆ ಕ್ರಮಸಂಖ್ಯೆಯೂ, ಕೊನೆಗೆ ಸದಸ್ಯತ್ವ ಹಾಗೂ ಸಾರ್ವಜನಿಕ ತಂತ್ರಾಂಶದ ಕುರಿತ ಕನ್ನಡ ಸೂಚನೆಗಳೂ ಸೇರುತ್ತಿದ್ದವು. ಓದುಗರಿಗೆ ಉಪಯುಕ್ತವಾದ ಈ ಸೇರ್ಪಡೆಗಳೇ ಡಿಕಿಮ್ ಸಹಿಯನ್ನು ಮುರಿಯುವಂಥವು. ಜಿಮೇಲ್ ತನ್ನ ಸಾಮಾನ್ಯ ಬಳಕೆದಾರರ ಡೊಮೈನಿಗೆ ‘ನನ್’ ನೀತಿಯನ್ನೇ ಇಟ್ಟುಕೊಂಡಿರುವುದರಿಂದ ಜಿಮೇಲ್ ಬಳಸುವವರಿಗೆ ಈ ಪೆಟ್ಟು ತಾಗಲಿಲ್ಲ.

ಕನ್ನಡದ ಪತ್ರಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್‌ಗಳು ಬೇಕು. ಆದ್ದರಿಂದ ಕನ್ನಡ ಪತ್ರಗಳು ಸಾಮಾನ್ಯವಾಗಿ ಬೇಸ್64 ಅಥವಾ ಕೋಟೆಡ್-ಪ್ರಿಂಟಬಲ್ ಎಂಬ ಸಂಕೇತೀಕರಣದಲ್ಲಿ ಸಾಗುತ್ತವೆ. ಬೇಸ್64ರಲ್ಲಿ ಆ ಮೂರು ಬೈಟ್‌ಗಳು ನಾಲ್ಕು ಅಕ್ಷರಗಳಾಗುತ್ತವೆ. ಡಿಕಿಮ್ ಸಹಿ ಬೀಳುವುದು ಈ ಸಂಕೇತೀಕೃತ ರೂಪದ ಮೇಲೆ. ಅಡಿಟಿಪ್ಪಣಿ ಜೋಡಿಸಲೆಂದು ಲಿಸ್ಟ್ ತಂತ್ರಾಂಶವು ಒಡಲನ್ನು ಬಿಡಿಸಿ ಮತ್ತೆ ಕಟ್ಟಿದಾಗ, ಕನ್ನಡ ಪಠ್ಯದಲ್ಲಿ ಒಂದಕ್ಷರವೂ ಬದಲಾಗದಿದ್ದರೂ ಸಾಲುಗಳ ಉದ್ದ ಬದಲಾದರೆ ಸಾಕು, ಸಹಿ ಅಸಿಂಧುವಾಗುತ್ತದೆ. ಪತ್ರದ ಮೊದಲ ಇಷ್ಟು ಬೈಟ್‌ಗಳಿಗೆ ಮಾತ್ರ ಸಹಿ ಹಾಕುವ ಸೌಲಭ್ಯ ಡಿಕಿಮ್‌ನಲ್ಲಿದ್ದರೂ ಅದು ಇಲ್ಲಿ ನೆರವಾಗದು. ಮಿಕ್ಕ ಭಾಗಕ್ಕೆ ಯಾರು ಏನನ್ನಾದರೂ ಅಂಟಿಸಬಹುದಾದ್ದರಿಂದ ಅದು ಅಪಾಯಕರವೂ ಹೌದು.

2014ರ ಪ್ರಸಂಗ

ಮೊದಲಿಗೆ ‘ರಿಜೆಕ್ಟ್’ ನೀತಿಯನ್ನು ಬಳಸಿದ್ದು ಹೆಚ್ಚಾಗಿ ಬ್ಯಾಂಕು ಮುಂತಾದ ಸಂಸ್ಥೆಗಳ ಡೊಮೈನುಗಳು. ಅವುಗಳಿಂದ ಹೊರಡುವುದು ಯಂತ್ರ ಕಳುಹಿಸುವ ಸೂಚನೆಗಳೇ ಆದ್ದರಿಂದ ತೊಂದರೆ ಕಾಣಲಿಲ್ಲ. 2014ರ ಏಪ್ರಿಲ್‌ನಲ್ಲಿ ಯಾಹೂ, ಅದೇ ತಿಂಗಳಲ್ಲಿ ಎಒಎಲ್, ಕೋಟ್ಯಂತರ ಸಾಮಾನ್ಯ ಬಳಕೆದಾರರಿದ್ದ ತಮ್ಮ ಡೊಮೈನುಗಳಿಗೆ ಇದನ್ನು ಅನ್ವಯಿಸಿದವು. ಕದ್ದ ವಿಳಾಸಪುಸ್ತಕಗಳನ್ನು ಬಳಸಿ ಪರಿಚಿತರ ಹೆಸರಿನಲ್ಲಿ ಬರುತ್ತಿದ್ದ ಪತ್ರಗಳ ಹಾವಳಿ ಇದಕ್ಕೆ ಕಾರಣ.

ಇದರ ಫಲವನ್ನು ಉಂಡವರು ಯಾಹೂ ಬಳಕೆದಾರರಷ್ಟೇ ಅಲ್ಲ. ಪತ್ರ ತಿರಸ್ಕೃತವಾದಾಗ ಲಿಸ್ಟ್ ತಂತ್ರಾಂಶವು ದೋಷವನ್ನು ಬರೆದುಕೊಳ್ಳುವುದು ಪಡೆಯಬೇಕಾಗಿದ್ದ ಸದಸ್ಯರ ಲೆಕ್ಕಕ್ಕೆ. ಮೇಲ್‌ಮ್ಯಾನ್ 2ರ ಮೂಲ ಹೊಂದಿಕೆಯಂತೆ ದಿನಕ್ಕೆ ಒಂದೇ ಅಂಕ ಸೇರುತ್ತದೆ; ಐದು ಅಂಕಗಳಾದರೆ ಆ ಸದಸ್ಯರಿಗೆ ರವಾನೆ ನಿಲ್ಲುತ್ತದೆ. ಹೀಗೆ ಏನೂ ಬರೆಯದ, ಯಾವ ತಪ್ಪೂ ಮಾಡದ ಓದುಗರು, ಯಾರೋ ಒಬ್ಬರ ಪತ್ರಗಳಿಂದಾಗಿ ಪಟ್ಟಿಯಿಂದ ಹೊರಬಿದ್ದರು. ಅವರಿಗೆ ಹೋಗುವ ಎಚ್ಚರಿಕೆಯ ಪತ್ರ ಮಾತ್ರ ಲಿಸ್ಟಿನ ಸ್ವಂತ ವಿಳಾಸದಿಂದ ಹೊರಡುವುದರಿಂದ ಸುಗಮವಾಗಿ ತಲುಪುತ್ತಿತ್ತು! ಐಇಟಿಎಫ್ ಸಂಸ್ಥೆಯು ಇಂತಹ ತೊಡಕುಗಳನ್ನು 2016ರಲ್ಲಿ ಆರ್‌ಎಫ್‌ಸಿ 7960ರಲ್ಲಿ ದಾಖಲಿಸಿದೆ.

ನಿರ್ವಹಣೆಯ ಕ್ರಮಗಳು

ಹೆಚ್ಚು ಬಳಕೆಯಲ್ಲಿರುವುದು ‘ಇಂದ’ ಸಾಲನ್ನೇ ತಿದ್ದುವ ಕ್ರಮ. ಬರೆದವರ ವಿಳಾಸದ ಜಾಗದಲ್ಲಿ ಲಿಸ್ಟಿನ ವಿಳಾಸವನ್ನಿಟ್ಟು, ಅವರ ಹೆಸರಿನ ಮುಂದೆ ‘ಇಂತಹ ಗುಂಪಿನ ಮೂಲಕ’ ಎಂದು ಸೂಚಿಸಿ, ಮೂಲ ವಿಳಾಸವನ್ನು ಪ್ರತ್ಯುತ್ತರದ ಸಾಲಿನಲ್ಲಿ ಇಡಲಾಗುತ್ತದೆ. ಗೂಗಲ್ ಗ್ರೂಪ್ಸ್ ಕಟ್ಟುನಿಟ್ಟಿನ ನೀತಿಯುಳ್ಳ ಡೊಮೈನುಗಳಿಂದ ಬಂದ ಪತ್ರಗಳಿಗೆ ಹೀಗೆ ಮಾಡುತ್ತದೆ. 2014ರ ಮೇ ತಿಂಗಳ ಮೇಲ್‌ಮ್ಯಾನ್ 2.1.18 ಆವೃತ್ತಿಯಲ್ಲಿ, ಕಳುಹಿಸಿದವರ ಡೊಮೈನಿನ ನೀತಿಯನ್ನು ನೋಡಿ ಅಗತ್ಯವಿದ್ದಾಗ ಮಾತ್ರ ತಿದ್ದುವ ಆಯ್ಕೆ ಬಂದಿತು. ಮೇಲ್‌ಮ್ಯಾನ್ 3ರಲ್ಲಿಯೂ ಇದು ಉಂಟು. ಎಲ್ಲ ಪತ್ರಗಳನ್ನೂ ತಿದ್ದುವುದಕ್ಕಿಂತ ಇದು ಮೇಲು. ಪತ್ರ ತಲುಪುತ್ತದೆಯಾದರೂ ಇದಕ್ಕೊಂದು ಬೆಲೆಯಿದೆ: ಓದುಗರ ವಿಳಾಸಪುಸ್ತಕದಲ್ಲಿ ವ್ಯಕ್ತಿಯ ಹೆಸರಿಗೆ ಲಿಸ್ಟಿನ ವಿಳಾಸ ಅಂಟಿಕೊಳ್ಳುತ್ತದೆ, ಮತ್ತು ಒಬ್ಬರಿಗೆಂದು ಬರೆದ ಖಾಸಗಿ ಮಾತು ಇಡೀ ಗುಂಪಿಗೆ ಹೋಗಿಬಿಡುವ ಸಂಭವವಿರುತ್ತದೆ.

ಎರಡನೆಯದು ಪತ್ರವನ್ನು ಮುಟ್ಟದೆ ಬಿಡುವ ಕ್ರಮ. ವಿಷಯಸಾಲಿನ ಗುರುತು, ಅಡಿಟಿಪ್ಪಣಿ ಎರಡನ್ನೂ ಕೈಬಿಟ್ಟರೆ ಡಿಕಿಮ್ ಸಹಿ ಉಳಿಯುತ್ತದೆ. ಆದರೆ ಕಳುಹಿಸುವವರ ಸೇವೆಯು ಸಹಿ ಹಾಕಿರಬೇಕು. ಮೂಲ ಪತ್ರವನ್ನು ಲಗತ್ತಾಗಿ ಸುತ್ತಿ ಕಳುಹಿಸುವುದು ಇನ್ನೊಂದು ದಾರಿ. ಮೊಬೈಲಿನಲ್ಲಿ ಓದುವುದು ಕಷ್ಟವಾದ್ದರಿಂದ ಇದು ಜನಪ್ರಿಯವಾಗಿಲ್ಲ. ಐಇಟಿಎಫ್ ತನ್ನ ಲಿಸ್ಟ್‌ಗಳಲ್ಲಿ ಬರೆದವರ ವಿಳಾಸವನ್ನು ತನ್ನದೇ ಉಪಡೊಮೈನಿನ ವಿಳಾಸವಾಗಿ ಮಾರ್ಪಡಿಸಿ, ಅಲ್ಲಿಗೆ ಬಂದ ಉತ್ತರವನ್ನು ಮೂಲ ವಿಳಾಸಕ್ಕೆ ಸಾಗಿಸುತ್ತದೆ.

ಎಆರ್‌ಸಿ

2019ರ ಜುಲೈನಲ್ಲಿ ಆರ್‌ಎಫ್‌ಸಿ 8617 ಆಗಿ ಪ್ರಕಟವಾದ ಎಆರ್‌ಸಿ ಪ್ರಾಯೋಗಿಕ ದಾಖಲೆಯಾಗಿದೆ. ಇದರಲ್ಲಿ ಪತ್ರ ಹಾಯ್ದುಬಂದ ಪ್ರತಿ ಸರ್ವರು, ತನ್ನ ಕೈಸೇರಿದಾಗ ಪರೀಕ್ಷೆಗಳ ಫಲಿತಾಂಶ ಏನಿತ್ತೆಂಬುದನ್ನು ಬರೆದು ಸಹಿ ಹಾಕುತ್ತದೆ. ಕೊನೆಯ ಸರ್ವರು ಈ ಸರಪಳಿಯನ್ನು ಓದಿ, ಲಿಸ್ಟನ್ನು ನಂಬುವುದಾದರೆ, ಡಿಮಾರ್ಕ್ ಸೋಲನ್ನು ಮನ್ನಿಸಬಹುದು. ಯಾರನ್ನು ನಂಬಬೇಕೆಂಬುದನ್ನು ಎಆರ್‌ಸಿ ಹೇಳುವುದಿಲ್ಲ. ದೊಡ್ಡ ಸೇವೆಗಳಿಗೆ ಪರಿಚಿತವಲ್ಲದ ಸಣ್ಣ ಲಿಸ್ಟ್‌ಗಳಿಗೆ ಇದರಿಂದ ಖಚಿತ ರಕ್ಷಣೆ ದೊರೆಯದು.

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ಸಗಟು ಪತ್ರ ಕಳುಹಿಸುವ ಡೊಮೈನುಗಳಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ಕಡ್ಡಾಯಗೊಳಿಸಿವೆ. ಡಿಮಾರ್ಕ್‌ನಲ್ಲಿ ‘ನನ್’ ನೀತಿಯಿದ್ದರೂ ಸಾಕು. ಶಾಲೆ, ಸಂಘ, ಸಂಸ್ಥೆಗಳು ಸ್ವಂತ ಡೊಮೈನಿನಿಂದ ಕಳುಹಿಸುವಾಗ ಮೊದಲು ‘ನನ್’ ಘೋಷಿಸಿ, ಬರುವ ವರದಿಗಳನ್ನು ಕೆಲಕಾಲ ಓದಿ, ಸದಸ್ಯರು ಹೊರಗಿನ ಲಿಸ್ಟ್‌ಗಳಿಗೆ ಬರೆಯುತ್ತಿದ್ದಾರೆಯೇ ಎಂದು ತಿಳಿದ ಬಳಿಕವೇ ಕಠಿಣ ನೀತಿಗೆ ಹೋಗುವುದು ವಾಡಿಕೆ.